ಒಂದೂವರೆ ಸುತ್ತಿನ ಉಳಿತಾಯ

ಇತ್ತೀಚೆಗೆ ನಮ್ಮೂರಿನ ಕಾರುಗಳು ಕುಳ್ಳಗಾಗುತ್ತಿವೆ. ಸಂಜೆ ಹೊತ್ತು ಬೇಲೂರು ರಸ್ತೆಯಲ್ಲಿ ಸ್ವಲ್ಪ ನಿಂತು ನೋಡಿ. ಇಪ್ಪತ್ತೈದು ವರ್ಷ ಹಳೆಯದಾದ ಯಾವುದೋ ಮಾರುತಿ 800 ಬಸುರಿ ಬೆಕ್ಕಿನ ಹಾಗೆ ಹೊಟ್ಟೆಯನ್ನು ನೆಲಕ್ಕೆ ತಾಗಿಸಿಕೊಂಡು ಹೋಗುತ್ತದೆ. ಹುಡುಗರು ಇದನ್ನು ಲೋಯರಿಂಗ್ ಎನ್ನುತ್ತಾರೆ. ದುಡ್ಡಿದ್ದವರು ಬೆಂಗಳೂರಿನಲ್ಲಿ ಮಾಡಿಸಿಕೊಳ್ಳುವ ಈ ಕೆಲಸವನ್ನು ನಮ್ಮ ಕಡೆಯ ಶೆಡ್ಡುಗಳಲ್ಲಿ ಸಾವಿರದೈನೂರು ರೂಪಾಯಿಗೆ ಮುಗಿಸಿಕೊಡುತ್ತಾರೆ. ಸ್ಪ್ರಿಂಗ್ ಕಳಚುವುದು, ಗ್ರೈಂಡರ್ ಹಿಡಿದು ಒಂದೂವರೆ ಸುತ್ತು ಕತ್ತರಿಸುವುದು, ಮತ್ತೆ ಕೂರಿಸುವುದು. ಅಷ್ಟೇ ವಿದ್ಯೆ. ನನ್ನ ಜಗಳ ಈ ಸಾವಿರದೈನೂರು ರೂಪಾಯಿಯ ಜೊತೆಗೆ.

ನಾನು ಶಾಲೆಯಲ್ಲಿ ಸಮಾಜ ಪಾಠ ಮಾಡುವವಳು. ಗಾಡಿಯ ತಳದಲ್ಲಿ ಏನಿದೆ ಎಂದು ಬಗ್ಗಿ ನೋಡಿದವಳಲ್ಲ. ನೋಡುವಂತೆ ಮಾಡಿದವನು ನನ್ನ ಮಗ. ನಮ್ಮ ಮನೆಯ 1999ರ ಕಾರನ್ನು ಒಂದು ಭಾನುವಾರ ತೆಗೆದುಕೊಂಡು ಹೋದವನು ಎರಡಂಗುಲ ಇಳಿಸಿಕೊಂಡು ಬಂದ. "ಏನೋ ಇದು, ಚಕ್ರ ಪಂಕ್ಚರ್ ಆಗಿದೆಯೇನೋ?" ಎಂದೆ. ನಾಲ್ಕೂ ಚಕ್ರ ಒಟ್ಟಿಗೆ ಪಂಕ್ಚರ್ ಆಗುವುದಿಲ್ಲವೆಂಬುದು ಆಮೇಲೆ ಹೊಳೆಯಿತು. "ಅಮ್ಮ, ನಿಂಗೆ ಗೊತ್ತಾಗಲ್ಲ, ಸುಮ್ನಿರು. ಈಗ ನೋಡು ಎಷ್ಟು ಚೆನ್ನಾಗಿ ಕೂತಿದೆ" ಎಂದ.

ಚೆನ್ನಾಗಿಯೇ ಕೂತಿತ್ತು. ಇದನ್ನು ನಾನು ಒಪ್ಪದೇ ಹೋದರೆ ಸುಳ್ಳಾಗುತ್ತದೆ. ನಮ್ಮ ಸ್ಟಾಫ್ ರೂಮಿನಲ್ಲಿ ಇಂಥ ಹುಡುಗರ ಮಾತು ಬಂದರೆ, "ಪೋಲಿಗಳು, ಗಾಡಿ ಸೀಜ್ ಮಾಡಿ ನಾಲ್ಕು ಬಿಡಬೇಕು" ಎಂದು ಮಾತು ಮುಗಿಸುವವರಿದ್ದಾರೆ. ಅವರ ಪಕ್ಷ ನನ್ನದಲ್ಲ. ಹೊಸ ಕಾರು ಕೊಳ್ಳಲಾಗದ ಹುಡುಗ, 2014ರಲ್ಲಿ ತಯಾರಿಕೆಯೇ ನಿಂತುಹೋದ ಗಾಡಿಯೊಂದನ್ನು ಇಟ್ಟುಕೊಂಡು ಅದು ಚಂದ ಕಾಣಲಿ ಎಂದು ಆಸೆಪಟ್ಟರೆ ತಪ್ಪೇನು? ಮಗ ಇನ್ನೂ ಒಂದು ಮಾತು ಎಸೆದ: "ನಮ್ಮ ದೇವಸ್ಥಾನ ಏನು ಎತ್ತರವಾಗಿದೆಯಾ? ಅಗಲವಾಗಿ, ತಗ್ಗಾಗಿ ಕೂತಿರೋದಕ್ಕೇ ಅಲ್ವಾ ಚಂದ?" ಹೊಯ್ಸಳೇಶ್ವರನ ನೆರಳಲ್ಲಿ ಹುಟ್ಟಿ ಬೆಳೆದವನು. ಉತ್ತರ ತಕ್ಷಣಕ್ಕೆ ಸಿಗಲಿಲ್ಲ.

ಆಮೇಲಿನ ನಮ್ಮ ಪ್ರಯಾಣಗಳನ್ನು ನೀವು ನೋಡಬೇಕಿತ್ತು. ಹಂಪ್ ಬಂದಾಗಲೆಲ್ಲ ಕಾರು ನಿಲ್ಲುವುದು, ನಾವೆಲ್ಲ ಇಳಿಯುವುದು, ಖಾಲಿ ಕಾರು ಓರೆಯಾಗಿ ಹಂಪ್ ಹತ್ತಿ ಇಳಿಯುವುದು, ನಾವು ಸೆರಗು ಸರಿಮಾಡಿಕೊಂಡು ನಡೆದುಹೋಗಿ ಮತ್ತೆ ಹತ್ತುವುದು. ಬೇಲೂರಿಗೆ ಹದಿನಾರು ಕಿಲೋಮೀಟರ್. ಅರ್ಧ ಕಾರು, ಅರ್ಧ ಪಾದಯಾತ್ರೆ. ಒಂದು ಊರಿನ ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು, "ಯಾಕಮ್ಮ, ಗಾಡಿಗೆ ಹರಕೆಯಾ?" ಎಂದು ಕೇಳಿದರು. ನಕ್ಕೆವು.

ಒಂದು ರಾತ್ರಿ ಹಾಸನದ ಮದುವೆಯಿಂದ ಬರುವಾಗ ಯಾರೂ ಇಳಿಯಲಿಲ್ಲ. ಹಂಪ್ ಇದೆಯೆಂದು ಗೊತ್ತಾಗಿದ್ದರೆ ತಾನೆ ಇಳಿಯುವುದು? ಬಣ್ಣವಿಲ್ಲ, ಫಲಕವಿಲ್ಲ. ಗಾಡಿಯ ಮೂಗು ತಗ್ಗಿದ್ದರಿಂದ ದೀಪದ ಬೆಳಕೂ ಹತ್ತಿರದಲ್ಲೇ ಬಿದ್ದು ಸಾಯುತ್ತಿತ್ತು. ಮುಂದಿನ ಚಕ್ರ ದಾಟಿತು, ಹಿಂದಿನದು ಇಳಿಯುವಾಗ ಸುತ್ತಿಗೆಯಲ್ಲಿ ಹೊಡೆದ ಹಾಗೆ ಒಂದು ಸದ್ದು. ಹಿಂದಿನ ಸೀಟಿನಲ್ಲಿದ್ದ ನನ್ನ ಅಮ್ಮ "ಅಯ್ಯೋ" ಎಂದವಳು ಆಮೇಲೆ ಮಾತಾಡಲಿಲ್ಲ. ಎಪ್ಪತ್ತೆಂಟು ವರ್ಷದ ಮೂಳೆ. ಬೆನ್ನುಮೂಳೆಯ ಒಂದು ಮಣಿ ಅಮುಕಿ ಹೋಗಿದೆ ಎಂದು ಎಕ್ಸ್‌ರೇ ನೋಡಿ ಹೇಳಿದರು. ಮೂರು ತಿಂಗಳು ಹಾಸಿಗೆ, ಸೊಂಟಕ್ಕೆ ಪಟ್ಟಿ. ಮಗ ವಾರಗಟ್ಟಲೆ ಅಜ್ಜಿಯ ಕೋಣೆಯ ಬಾಗಿಲಲ್ಲೇ ನಿಂತು ಹಿಂದಿರುಗುತ್ತಿದ್ದ.

ಆಗ ನಾನು ಬಗ್ಗಿ ನೋಡಿದೆ. ನಮ್ಮ ವಿಜ್ಞಾನದ ಮೇಷ್ಟ್ರು ಬಾಲ್‌ಪೆನ್ನಿನ ಸ್ಪ್ರಿಂಗ್ ತೆಗೆದು ಮೇಜಿನ ಮೇಲಿಟ್ಟು ಪಾಠ ಮಾಡಿದರು. ಇಡೀ ಸ್ಪ್ರಿಂಗ್ ಅನ್ನು ಒಂದಿಷ್ಟು ಒತ್ತಿಸಿದರು, ಅರ್ಧ ಕತ್ತರಿಸಿ ಅಷ್ಟೇ ದೂರ ಮತ್ತೆ ಒತ್ತಿಸಿದರು. ಬೆರಳಿಗೇ ತಿಳಿಯಿತು. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದೆ. ಆರು ಸುತ್ತು ಕೆಲಸ ಮಾಡುತ್ತಿದ್ದ ಕಡೆ ಒಂದೂವರೆ ಸುತ್ತು ತೆಗೆದರೆ ಬಿಗಿ ಮೂರನೇ ಒಂದು ಪಾಲು ಹೆಚ್ಚುತ್ತದೆ. ಬಿಗಿಯಾದರೆ ಒಳ್ಳೆಯದಲ್ಲವೇ ಎಂದು ಶೆಡ್ಡಿನವರು ವಾದಿಸುತ್ತಾರೆ. ಆದರೆ ಗಾಡಿ ಎರಡಂಗುಲ ಕೆಳಗೆ ಕೂತಿರುವುದರಿಂದ ಚಕ್ರ ಮೇಲೇಳಲು ಇದ್ದ ಜಾಗದಲ್ಲೂ ಎರಡಂಗುಲ ಹೋಯಿತು. ಆ ನಷ್ಟ ತುಂಬಲು ಈ ಬಿಗಿ ಸಾಲದು. ಐದು ಜನ ಕೂತರೆ ಉಳಿದ ಜಾಗವೂ ಮುಗಿಯುತ್ತದೆ. ಆಮೇಲೆ ತಡೆಯುವುದು ಒಂದು ರಬ್ಬರ್ ತುಂಡು, ಅದರ ಪೆಟ್ಟು ಬೀಳುವುದು ನೇರ ಸೀಟಿಗೆ. ನಮ್ಮ ಅಮ್ಮನಿಗೆ ಬಿದ್ದದ್ದು ಅದೇ.

ಇಷ್ಟಕ್ಕೇ ಮುಗಿಯುವುದಿಲ್ಲ. ಷಾಕ್ ಅಬ್ಸಾರ್ಬರ್ ಮೊದಲಿನ ಸ್ಪ್ರಿಂಗ್‌ನ ಬಿಗಿಗೆ, ಮೊದಲಿನ ಎತ್ತರಕ್ಕೆ ಅಳೆದು ಮಾಡಿದ್ದು. ಈಗ ಅದು ಸದಾ ಅರ್ಧ ಮಡಚಿದ ಕಾಲಿನಲ್ಲಿ ನಿಂತಿರುತ್ತದೆ, ಬೇಗ ಎಣ್ಣೆ ಕಾರುತ್ತದೆ. ಜಾಕ್ ಹಾಕಿ ಎತ್ತಿದರೆ ಗಿಡ್ಡ ಸ್ಪ್ರಿಂಗ್ ತನ್ನ ತಟ್ಟೆಯಲ್ಲಿ ಸಡಿಲವಾಗಿ ಆಡುತ್ತದೆ. ಗುಂಡಿಯಲ್ಲಿ ಚಕ್ರ ಇಳಿಬಿದ್ದಾಗ ಅದು ಜಾಗ ತಪ್ಪಿದರೆ ದೇವರೇ ಗತಿ. ಮುಂದಿನ ಚಕ್ರಗಳ ತಲೆ ಒಳಗೆ ವಾಲಿ, ಅಲೈನ್‌ಮೆಂಟ್ ಕೆಟ್ಟು, ಟೈರು ಒಳಬದಿಯಲ್ಲಿ ಮಾತ್ರ ಸವೆಯುತ್ತದೆ. ಹೊರಗಿನಿಂದ ನೋಡಿದರೆ ಹೊಸ ಟೈರು, ಒಳಗಿನಿಂದ ನೂಲು. ಕತ್ತರಿಸುವ ಶ್ರಮವೂ ಬೇಡವೆಂದು ಗ್ಯಾಸ್ ಬೆಂಕಿಯಲ್ಲಿ ಸ್ಪ್ರಿಂಗ್ ಕಾಸಿ ಕುಗ್ಗಿಸುವ ಮಹಾನುಭಾವರೂ ಇದ್ದಾರಂತೆ. ಕುಡುಗೋಲನ್ನು ಒಲೆಯಲ್ಲಿ ಮರೆತರೆ ಹದ ಹೋಗುತ್ತದೆಂದು ನಮ್ಮ ಹಳ್ಳಿಯ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಸ್ಪ್ರಿಂಗ್ ಎಂದರೆ ಹದವೇ ಅಲ್ಲವೇ?

ಶೆಡ್ಡಿಗೆ ಹೋಗಿ ಕೇಳಿದೆ. "ಏನ್ ಮಾಡ್ಲಿ ಮೇಡಂ, ನಾನು ಬೇಡ ಅಂದ್ರೆ ಪಕ್ಕದ ಶೆಡ್‌ನೋನು ಕತ್ತರಿಸಿಕೊಡ್ತಾನೆ" ಎಂದ. ಹೆಂಡದಂಗಡಿಯವನೂ ಇದೇ ಮಾತು ಹೇಳುತ್ತಾನೆ. ಸರಿಯಾದ ದಾರಿ ಅವನಿಗೂ ಗೊತ್ತಿತ್ತು: ಗಿಡ್ಡವಾಗಿಯೂ ಬಿಗಿಯಾಗಿಯೂ ಹದ ಮಾಡಿದ ಬೇರೆ ಸ್ಪ್ರಿಂಗ್, ಅದಕ್ಕೆ ಹೊಂದುವ ಷಾಕ್ ಅಬ್ಸಾರ್ಬರ್, ಮೇಲೆ ಅಲೈನ್‌ಮೆಂಟ್. ಅದಕ್ಕೆ ತಗಲುವ ಹಣ ಗಾಡಿಯ ಬೆಲೆಯನ್ನೇ ಮುಟ್ಟುತ್ತದೆ ಎಂದು ನಕ್ಕ. ಹಾಗಿದ್ದಮೇಲೆ ಕಡಿಮೆ ಖರ್ಚಿನ ಲೋಯರಿಂಗ್ ಎಂಬುದೇ ಇಲ್ಲ. ಇರುವುದು ಸಾಲ, ತೀರಿಸುವವರು ಬೇರೆಯವರು. ನಮ್ಮ ಲೆಕ್ಕ ಕೇಳಿ: ಸಾವಿರದೈನೂರು ಉಳಿತಾಯಕ್ಕೆ ನಾಲ್ಕು ಸ್ಪ್ರಿಂಗ್, ಎರಡು ಟೈರು, ಷಾಕ್ ಅಬ್ಸಾರ್ಬರ್ ಎಂದು ಹದಿನಾಲ್ಕು ಸಾವಿರ ತೆತ್ತೆವು. ಆಸ್ಪತ್ರೆಯದನ್ನು ನಾನು ಬರೆದಿಟ್ಟಿಲ್ಲ.

ಕಾನೂನೂ ಇದೆ. ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಆದರೆ ದಂಡ ಹಾಕುವ ಸರ್ಕಾರವನ್ನೂ ಎರಡು ಮಾತು ಕೇಳಬೇಕು. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲೇ ಬರೆದಿಟ್ಟಂತೆ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು, ಮುಂಚೆ ಫಲಕ, ಮೇಲೆ ಬಣ್ಣ ಇರಬೇಕು. ನಮ್ಮ ಕಡೆ ನಾಲ್ಕು ಬುಟ್ಟಿ ಜಲ್ಲಿ ಡಾಂಬರು ಸುರಿದು ಬಡಕಲು ಹಸುವಿನ ಬೆನ್ನಿನ ಹಾಗೆ ಎಬ್ಬಿಸುತ್ತಾರೆ. ಸ್ಪ್ರಿಂಗ್ ಕತ್ತರಿಸಿದ ಹುಡುಗ ತಪ್ಪಿತಸ್ಥನಾದರೆ ಇದನ್ನು ಎಬ್ಬಿಸಿದವರು ಯಾರು? ಕತ್ತರಿಸದ ಕಾರಿನ, ಆಟೋದ ಹಿಂದಿನ ಸೀಟಿನಲ್ಲೂ ಅಜ್ಜಿಯರು ಕೂತಿರುತ್ತಾರೆ.

ದೇವಸ್ಥಾನದ ಮಾತಿಗೆ ಉತ್ತರ ಸಿಕ್ಕಿದ್ದು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದ ದಿನ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಮೇಲೆ ಶಾಲೆಗಳ ಬಸ್ಸು ಹೆಚ್ಚು. ಗೋಡೆಯ ಕೆಳಗಿನ ಪಟ್ಟಿಕೆ ತೋರಿಸುತ್ತಿದ್ದೆ: ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ. ಅದೆಲ್ಲವೂ ನಿಂತಿರುವುದು ನಕ್ಷತ್ರಾಕಾರದ ಜಗತಿಯ ಮೇಲೆ. ದೇವಸ್ಥಾನ ತಗ್ಗಾಗಿ ಕಾಣುವುದು ನಿಜ, ಆದರೆ ಯಾರೂ ಆನೆಯ ಸಾಲು ಕಿತ್ತು ಅದನ್ನು ತಗ್ಗಿಸಿದ್ದಲ್ಲ. ಮನೆಗೆ ಬಂದು ಮಗನಿಗೆ ಹೇಳಿದೆ. "ಅದನ್ನ ಅವತ್ತೇ ಹೇಳಿದ್ರೆ ಆಗ್ತಿತ್ತು" ಎಂದ.

ಈಗ ಗಾಡಿ ಮೊದಲಿನ ಎತ್ತರಕ್ಕೇ ನಿಂತಿದೆ. ಅಮ್ಮ ಕೋಲು ಹಿಡಿದು ಜಗಲಿಯವರೆಗೆ ಬರುತ್ತಾಳೆ, ಕಾರು ಹತ್ತುವುದಿಲ್ಲ. ಮಗ ಹೊಸ ಸ್ಪ್ರಿಂಗ್ ಸೆಟ್ಟಿಗೆಂದು ತಿಂಗಳಿಗೆ ಐನೂರು ಎತ್ತಿಡುತ್ತಿದ್ದಾನೆ. ಒಂದಂಗುಲಕ್ಕಿಂತ ಹೆಚ್ಚು ಬೇಡ, ನಾನೇ ಹಿಂದಿನ ಸೀಟಿನಲ್ಲಿ ಕೂತು ಬೇಲೂರಿಗೆ ಹೋಗಿ ಬಂದು ಹೂಂ ಅಂದಮೇಲೆ ಬಾಕಿ ಮಾತು ಎಂದಿದ್ದೇನೆ.