ನೀರೇ ತೆರೆಯುವ ಬಾಗಿಲು

ಮುದ್ದೇನಹಳ್ಳಿಗೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುವುದು ನನಗೆ ವರ್ಷಕ್ಕೊಮ್ಮೆಯ ರೂಢಿ. ವಿಶ್ವೇಶ್ವರಯ್ಯನವರ ಮನೆ ನೋಡಿ, ಸಮಾಧಿಗೆ ಕೈಮುಗಿದು, ಬೆಟ್ಟಗಳ ಕಡೆ ಮುಖ ಮಾಡಿ ಕುಳಿತು ಬುತ್ತಿ ಬಿಚ್ಚುತ್ತೇವೆ. ಕಳೆದ ಸಲ ಊಟದ ಹೊತ್ತಿನಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನನ್ನು ಕೇಳಿದೆ: "ಇವರು ಏನು ಕಂಡುಹಿಡಿದರು, ಹೇಳಪ್ಪ?"

"ಕನ್ನಂಬಾಡಿ ಕಟ್ಟೆ ಕಟ್ಟಿಸಿದರು, ಸಾರ್."

"ಕಟ್ಟಿಸಿದ್ದು ಸರಿ. ಕಂಡುಹಿಡಿದದ್ದು?"

ಹುಡುಗ ಚಿತ್ರಾನ್ನದ ಡಬ್ಬಿ ನೋಡತೊಡಗಿದ. ಜೊತೆಗೆ ಬಂದಿದ್ದ ಅವನ ತಂದೆ, "ನಮಗೂ ಅಷ್ಟೇ ಗೊತ್ತಿರೋದು ಮೇಷ್ಟ್ರೇ" ಎಂದು ನಕ್ಕರು. ಆ ತಂದೆ ಮಗ ಇಬ್ಬರಿಗೂ ಅಂದು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮೂರಿನ ಕೆರೆಯನ್ನು ನೆನೆಯಿರಿ. ಏರಿ ನೀರನ್ನು ತಡೆಯುತ್ತದೆ, ತೂಬು ಗದ್ದೆಗೆ ಬಿಡುತ್ತದೆ, ತುಂಬಿ ಹೆಚ್ಚಾದದ್ದು ಕೋಡಿಯಲ್ಲಿ ಹರಿದುಹೋಗುತ್ತದೆ. ನಮ್ಮದು ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ. ನಂದಿಯ ಸುತ್ತಲಿನ ಬೆಟ್ಟಗಳಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ ಹುಟ್ಟುತ್ತವೆ, ನಿಜ. ಆದರೆ ಮಳೆ ನಿಂತ ಮೇಲೆ ಅವುಗಳ ಪಾತ್ರದಲ್ಲಿ ಕಾಣುವುದು ಮರಳು, ಜಾಲಿ. ಹಾಗಿರುವಾಗ ಕೋಡಿಯಲ್ಲಿ ಹೋಗುವ ನೀರನ್ನು ಕಂಡು ರೈತನ ಹೊಟ್ಟೆ ಉರಿಯದೆ ಇರುತ್ತದೆಯೇ? ಕೋಡಿಯ ಮೇಲೆ ನಾಲ್ಕು ಕಲ್ಲು, ಮರಳಿನ ಮೂಟೆ ಇಟ್ಟರೆ ಇನ್ನೆರಡು ಅಡಿ ನೀರು ನಿಲ್ಲುತ್ತದೆ. ಆದರೆ ಅದೇ ರಾತ್ರಿ ದೊಡ್ಡ ಮಳೆ ಬಂದರೆ? ಮೂಟೆ ತೆಗೆಯಲು ಯಾರೂ ಇರದಿದ್ದರೆ ನೀರು ಏರಿಯನ್ನೇ ಹಾಯ್ದು ಊರಿಗೆ ನುಗ್ಗೀತು. ಕೋಡಿ ಮುಚ್ಚಿದರೆ ಏರಿಗೆ ಅಪಾಯ, ತೆರೆದರೆ ನೀರು ನಷ್ಟ. ಇದೇ ನಮ್ಮ ನೀರಗಂಟಿಯ ಸಂಕಟ.

ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ 1884ರಲ್ಲಿ ಕೆಲಸಕ್ಕೆ ಸೇರಿದ್ದ ವಿಶ್ವೇಶ್ವರಯ್ಯನವರಿಗೆ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಎದುರಾದದ್ದೂ ಈ ಸಂಕಟವೇ. ಕಟ್ಟೆಯನ್ನು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸಬೇಕು, ಪ್ರವಾಹ ಬಂದಾಗ ಅದು ತಡೆಯಿಲ್ಲದೆ ಹೋಗಬೇಕು. ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳು 1903ರಲ್ಲಿ ಅಲ್ಲಿ ಅಳವಡಿಕೆಯಾದವು. ಮುಂದೆ ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟೆಯಲ್ಲೂ ನಮ್ಮ ಕೃಷ್ಣರಾಜಸಾಗರದಲ್ಲೂ ಅದೇ ವಿಧಾನ ಬಳಕೆಗೆ ಬಂತು.

ಅದರ ಗುಟ್ಟು ಒಂಬತ್ತನೆಯ ತರಗತಿಯ ಪಾಠದಲ್ಲೇ ಇದೆ. ಒಂದು ಕೋಲಿನ ನಡುವೆ ದಾರ ಕಟ್ಟಿ ತೂಗುಹಾಕಿ. ಎರಡು ತುದಿಗೂ ಒಂದೊಂದು ಕಲ್ಲು ಕಟ್ಟಿ, ಒಂದು ಕಲ್ಲು ತುಸು ಭಾರವಾಗಿರಲಿ. ಕೋಲು ಆ ಕಡೆಗೆ ವಾಲುತ್ತದೆ. ಈಗ ಭಾರದ ಕಲ್ಲಿನ ಕೆಳಗೆ ನೀರು ತುಂಬಿದ ಬಕೆಟ್ ಹಿಡಿದು, ಕಲ್ಲು ಮುಳುಗುವಂತೆ ಮೇಲಕ್ಕೆತ್ತಿ. ಕೋಲು ಇನ್ನೊಂದು ಕಡೆಗೆ ವಾಲುತ್ತದೆ. ಬಕೆಟ್ ಇಳಿಸಿದರೆ ಮತ್ತೆ ಮೊದಲಿನಂತೆ. ನೀರಲ್ಲಿ ಮುಳುಗಿದ ವಸ್ತು ತಾನು ತಳ್ಳಿದ ನೀರಿನ ತೂಕದಷ್ಟು ಹಗುರಾದಂತೆ ತೋರುತ್ತದೆ ಎಂದು ಆರ್ಕಿಮಿಡೀಸ್ ಹೇಳಿದ್ದು ಇದನ್ನೇ.

ಇಲ್ಲಿ ಹಗುರ ಕಲ್ಲೇ ಗೇಟು, ಭಾರದ ಕಲ್ಲೇ ಎದುರುತೂಕ. ಎದುರುತೂಕ ಒಂದು ಬಾವಿಯೊಳಗೆ ಇರುತ್ತದೆ. ಜಲಾಶಯದ ನೀರು ಗೊತ್ತುಮಾಡಿದ ಮಟ್ಟ ದಾಟಿದಾಗ ಬಾವಿಯೊಳಕ್ಕೆ ಬೀಳುತ್ತದೆ. ಎದುರುತೂಕದ ಭಾರ ಕಡಿಮೆಯಾಗಿ ಸಮತೋಲ ತಪ್ಪುತ್ತದೆ, ಗೇಟು ಸರಿದು ನೀರಿಗೆ ದಾರಿ ಬಿಡುತ್ತದೆ. ಮಟ್ಟ ಇಳಿದು ಬಾವಿ ಬರಿದಾದಾಗ ಗೇಟು ತಾನಾಗಿ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಕರೆಂಟು ಬೇಡ. ನಡುರಾತ್ರಿ ಯಾರೂ ಓಡಿಹೋಗಬೇಕಾಗಿಯೂ ಇಲ್ಲ.

ನೀರಿನ ಬಲದಿಂದಲೇ ನೀರನ್ನು ಆಳುವ ಈ ಜಾಣತನ ಬೇರೆ ಕಡೆಯೂ ಉಂಟು. ಇಂಗ್ಲೆಂಡಿನ ಥೇಮ್ಸ್ ನದಿಯಲ್ಲಿ ದೋಣಿಗಳು ಮೆಟ್ಟಿಲೇರಿದಂತೆ ಮೇಲಿನ ಮಟ್ಟಕ್ಕೆ ಹೋಗಲು 'ಲಾಕ್' ಎಂಬ ಕಟ್ಟಡಗಳಿವೆ. ಆಕ್ಸ್‌ಫರ್ಡ್ ಬಳಿಯ ಇಫ್ಲಿಯಲ್ಲಿ ಸುಮಾರು 1630ರಷ್ಟು ಹಿಂದೆಯೇ ಅಂಥದೊಂದನ್ನು ಕಟ್ಟಿದ್ದರು. ಎರಡು ಬಾಗಿಲುಗಳ ನಡುವಿನ ತೊಟ್ಟಿಗೆ ದೋಣಿ ಬರುತ್ತದೆ, ಮೇಲಿನ ನೀರನ್ನು ಬಿಟ್ಟರೆ ತೊಟ್ಟಿ ತುಂಬಿ ದೋಣಿಯೂ ಏರುತ್ತದೆ. ಇಂಥ ಲಾಕ್‌ಗಳ ಜೋಡಿ ಬಾಗಿಲುಗಳು ಸಾಮಾನ್ಯವಾಗಿ ಮೇಲ್ಹರಿವಿನ ಕಡೆಗೆ ಮೂಲೆ ಮಾಡಿ ಸೇರುತ್ತವೆ. ನೀರು ಒತ್ತಿದಷ್ಟೂ ಅವು ಬಿಗಿಯಾಗುತ್ತವೆ, ಎರಡೂ ಕಡೆ ಮಟ್ಟ ಸಮವಾದಾಗ ಮಾತ್ರ ಸುಲಭವಾಗಿ ತೆರೆಯುತ್ತವೆ. ಅಲ್ಲಿಯವರಿಗೆ ದೋಣಿ ಸಾಗಬೇಕಿತ್ತು, ನಮಗೆ ನೀರು ಉಳಿಯಬೇಕಿತ್ತು. ಅವರವರ ಅಗತ್ಯಕ್ಕೆ ತಕ್ಕ ಬಾಗಿಲು.

ಆದರೆ ತಾನಾಗಿ ತೆರೆಯುವ ಬಾಗಿಲಿಗೂ ಒಂದು ಮಿತಿಯಿದೆ. 1961ರ ಜುಲೈ 12ರಂದು ಮೇಲ್ಗಡೆಯ ಪಾನ್‌ಶೇತ್ ಅಣೆಕಟ್ಟೆ ಒಡೆದು ಬಂದ ನೀರನ್ನು ತಡೆಯಲಾರದೆ ಖಡಕ್‌ವಾಸ್ಲಾ ಕಟ್ಟೆಯೂ ಒಡೆಯಿತು, ಪುಣೆ ನಗರ ಮುಳುಗಿತು. ಇನ್ನು ಯಾವ ಬಗೆಯ ಗೇಟಾದರೂ ನಿಗಾ ತಪ್ಪುವಂತಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದದ್ದನ್ನು ನೀವು ಓದಿರುತ್ತೀರಿ. ತುಂಬಿದ್ದ ಜಲಾಶಯದ ನೀರನ್ನು ಹೊರಬಿಡಬೇಕಾಯಿತು. ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟು ಕೂರಿಸಲು ಸುಮಾರು ಒಂದು ವಾರ ಹಿಡಿಯಿತು. ಅಷ್ಟು ದಿನ ರೈತರು ನಿದ್ದೆಗೆಟ್ಟದ್ದು ಒಂದು ಸರಪಳಿಯಿಂದ.

ನಮ್ಮ ಕೆರೆಗಳ ಗತಿ ಏನು? 2021ರ ನವೆಂಬರ್ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ಬಹುಕಾಲದ ಮೇಲೆ ಕೋಡಿ ಹರಿದವು. ಜನ ಪೂಜೆ ಮಾಡಿ ಬಾಗಿನ ಬಿಟ್ಟರು, ಸಂತೋಷ. ಆದರೆ ಕೋಡಿಯ ಮುಂದಿನ ಕಾಲುವೆಯಲ್ಲಿ ಗಿಡಗಂಟಿ ಬೆಳೆದಿದ್ದರೆ, ಅದನ್ನು ಒತ್ತಿ ಯಾರೋ ಸೈಟು ಮಾಡಿದ್ದರೆ, ಹೋಗಬೇಕಾದ ನೀರು ಹೋಗುವುದು ಎಲ್ಲಿಗೆ? ಈ ಪ್ರಶ್ನೆ ಕೇಳಲು ಇಂಜಿನಿಯರೇ ಆಗಬೇಕೆಂದಿಲ್ಲ.

ವಿದ್ಯಾರ್ಥಿ ಮಿತ್ರರೇ, ಈ ಭಾನುವಾರ ಎರಡು ಕೆಲಸ ಮಾಡಿ. ಕೋಲು, ಕಲ್ಲು, ಬಕೆಟ್‌ನ ಪ್ರಯೋಗವನ್ನು ಮನೆಯವರ ಎದುರಿಗೇ ಮಾಡಿ ತೋರಿಸಿ. ಆಮೇಲೆ ಅಪ್ಪನನ್ನೋ ತಾತನನ್ನೋ ಕರೆದುಕೊಂಡು ನಿಮ್ಮೂರ ಕೆರೆಯ ಕೋಡಿ ಎಲ್ಲಿದೆ, ಅಲ್ಲಿಂದ ನೀರು ಯಾವ ಕೆರೆಗೆ ಹೋಗುತ್ತದೆ ಎಂದು ನೋಡಿ ಬನ್ನಿ. ದೊಡ್ಡವರು ಜೊತೆಗಿಲ್ಲದೆ ನೀರಿನ ಹತ್ತಿರ ಹೋಗಬೇಡಿ. ಕಂಡದ್ದರ ನಕ್ಷೆ ಬರೆದು ನಿಮ್ಮ ಮೇಷ್ಟ್ರಿಗೆ ತೋರಿಸಿ.

ಅಂದಹಾಗೆ, ಚಿತ್ರಾನ್ನದ ಡಬ್ಬಿ ನೋಡಿದ ಹುಡುಗ ಹೋದ ವಾರ ಅಂಥ ನಕ್ಷೆಯೊಂದನ್ನು ತಂದಿದ್ದ. ಅದರಲ್ಲಿ ಅವರೂರಿನ ಕೋಡಿ ಕಾಲುವೆ ಒಂದು ಕಾಂಪೌಂಡ್ ಗೋಡೆಗೆ ಬಂದು ನಿಂತುಬಿಟ್ಟಿತ್ತು. "ಇಲ್ಲಿಂದ ಮುಂದಕ್ಕೆ ಎಲ್ಲಿ ಹೋಗುತ್ತೆ, ಸಾರ್?" ಎಂದು ಕೇಳಿದ. ಆ ನಕ್ಷೆಯನ್ನು ಪಂಚಾಯಿತಿಗೆ ತೆಗೆದುಕೊಂಡು ಹೋಗುತ್ತೇನೆಂದು ಅವನ ತಂದೆ ಹೇಳಿದ್ದಾರೆ.