ಗಂಧದ ಮರಕ್ಕೆ ಕಾವಲು, ಹೆಣ್ಣುಮಕ್ಕಳಿಗೆ?

ಬೆಂಗಳೂರಿನ ಪಶ್ಚಿಮ ದಿಕ್ಕಿಗೆ, ಮಾಗಡಿ ರಸ್ತೆಯ ಆಸುಪಾಸಿನಲ್ಲಿ, ಶ್ರೀಗಂಧದ ಕಾವಲ್ ಎಂಬ ಬಡಾವಣೆಯಿದೆ. ಗಂಧದ ಮರವು ಯಾರ ಹಿತ್ತಿಲಲ್ಲಿ ಬೆಳೆದರೂ ಅದರ ಒಡೆತನ ಸರ್ಕಾರದ್ದೇ ಎಂಬ ಕಟ್ಟಳೆ ಅರಸರ ಕಾಲದಿಂದ 2001ರವರೆಗೂ ನಮ್ಮಲ್ಲಿ ನಡೆದುಬಂತು. ಮರದ ಮೇಲೆ ಸರ್ಕಾರಕ್ಕೆ ಅಷ್ಟು ಕಣ್ಣು! ಇಂದು ಆ ಕಾವಲ್‌ನಲ್ಲಿಯೂ ಸುತ್ತಣ ಬಡಾವಣೆಗಳಲ್ಲಿಯೂ ಬಾಡಿಗೆ ಕೋಣೆ ಹಿಡಿದು, ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿದ್ದಾರೆ. ನಮ್ಮಂಥ ಜಿಲ್ಲೆಗಳಿಂದ ಹೋದವರು ಅವರಲ್ಲಿ ಅನೇಕರು. ಇವರಿಗೆ ಕಾವಲು ಯಾರು?

ಹೆಣ್ಣಿನ ವ್ಯಾಪಾರ ನಡೆಸುವವನು ಕಣ್ಣಿಡುವುದು ಇಂಥವರ ಮೇಲೆಯೇ. ಮನೆ ದೂರ, ಸಂಬಳ ಸಾಲದು, ಕೆಲಸ ಹೋದರೆ ಮುಂದಿನ ತಿಂಗಳ ಬಾಡಿಗೆಗೆ ದಾರಿಯಿಲ್ಲ. ಬಲಾತ್ಕಾರವಾಗಿ ಹೊತ್ತುಕೊಂಡು ಹೋಗುವ ಕಳ್ಳನಿಗಿಂತ, ನಗುತ್ತ ಬರುವ ಪರಿಚಿತನೇ ಹೆಚ್ಚು ಅಪಾಯದವನು. ದೂರದ ನಂಟನೋ, ಅದೇ ವಠಾರದ ಹೆಂಗಸೋ, ಫೋನಿನಲ್ಲಿ ಪರಿಚಯವಾದ ಯುವಕನೋ ಆಗಿರಬಹುದು. ಬ್ಯೂಟಿ ಪಾರ್ಲರಿನಲ್ಲಿ ಕೆಲಸ, ದೊಡ್ಡ ಮನೆಯಲ್ಲಿ ಅಡಿಗೆ, ವರದಕ್ಷಿಣೆಯಿಲ್ಲದ ಮದುವೆ ಎಂದು ಆಸೆ ಹುಟ್ಟಿಸುತ್ತಾನೆ. ಹೆತ್ತವರ ಕೈಗೆ ಒಂದಿಷ್ಟು ಮುಂಗಡ ಬೀಳುತ್ತದೆ. ಆ ಮುಂಗಡವೇ ಮುಂದೆ ಸಂಕೋಲೆಯಾಗುತ್ತದೆ.

2021ರ ಮೇ ತಿಂಗಳಲ್ಲಿ ಬೆಂಗಳೂರಿನ ರಾಮಮೂರ್ತಿನಗರದ ಕಡೆ ನಡೆದ ಪ್ರಕರಣವನ್ನು ವಾಚಕರು ಮರೆತಿರಲಾರರು. ಕೆಲಸದ ಆಸೆಗೆ ಬಾಂಗ್ಲಾದೇಶದಿಂದ ಬಂದ ಹೆಂಗಸೊಬ್ಬಳ ಮೇಲೆ ಗುಂಪೊಂದು ಅತ್ಯಾಚಾರ ನಡೆಸಿ, ಅದನ್ನು ಚಿತ್ರ ತೆಗೆದು ಹಂಚಿತು. ಆ ಚಿತ್ರ ಕಂಡು ಅಪರಾಧಿಗಳನ್ನು ಹುಡುಕಿಕೊಡಿರೆಂದು ಸಾರಿದವರು ದೂರದ ಅಸ್ಸಾಮಿನ ಪೊಲೀಸರು! 2022ರಲ್ಲಿ ನ್ಯಾಯಾಲಯವು ಏಳು ಮಂದಿಗೆ ಜೀವಾವಧಿ ಸಜೆ ವಿಧಿಸಿತು. ಶಿಕ್ಷೆಯಾದದ್ದು ಸರಿಯೆ. ಆದರೆ ಅಸ್ಸಾಮಿನಿಂದ ಕೂಗು ಬರುವವರೆಗೂ ನಮ್ಮ ರಾಜಧಾನಿಗೆ ಈ ಸಂಗತಿ ಗೊತ್ತಾಗಲಿಲ್ಲವೆಂಬುದನ್ನು ಅಲ್ಲಗಳೆಯುವಂತಿಲ್ಲ.

ಕಾನೂನಿಗೆ ಕೊರತೆಯಿಲ್ಲ. ಸಂವಿಧಾನದ 23ನೆಯ ವಿಧಿ ಮನುಷ್ಯರ ಮಾರಾಟವನ್ನು ನಿಷೇಧಿಸಿದೆ. 1956ರ ಅನೈತಿಕ ವ್ಯಾಪಾರ ತಡೆ ಕಾಯಿದೆ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಮಿನಂತೆ ಇಂಥ ಸಾಗಣೆಗೆ ಏಳರಿಂದ ಹತ್ತು ವರ್ಷ ಕಠಿಣ ಸಜೆ. ಮಕ್ಕಳಾದರೆ ಹತ್ತು ವರ್ಷದಿಂದ ಜೀವಾವಧಿ. ‘ಅವಳೇ ಒಪ್ಪಿ ಬಂದಳು’ ಎಂಬ ದಲ್ಲಾಳಿಯ ವಾದವನ್ನು ಈ ಕಲಮು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೂ ಮೋಸಹೋದವಳು ಠಾಣೆಯ ಮೆಟ್ಟಿಲು ಹತ್ತಲು ಹೆದರುತ್ತಾಳೆ. ಏಕೆಂದರೆ 1956ರ ಕಾಯಿದೆಯ 8ನೆಯ ಕಲಮು ಗಿರಾಕಿಯನ್ನು ಕರೆದಳೆಂದು ಅವಳನ್ನೇ ಜೈಲಿಗೆ ಕಳಿಸಬಲ್ಲುದು. ದಾಳಿ ನಡೆದಾಗ ಈ ಹೆಂಗಸರನ್ನು ಬಂಧಿಸಿ ಪೀಡಿಸಕೂಡದು, ತಾನಾಗಿ ಈ ವೃತ್ತಿಯಲ್ಲಿರುವ ವಯಸ್ಕಳ ತಂಟೆಗೆ ಹೋಗಕೂಡದು ಎಂದು ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ನಿರ್ದೇಶಿಸಿತು. ನಮ್ಮ ಹೋರಾಟ ಮಾರುವವನ ಮೇಲೆ, ಮಾರಾಟಕ್ಕೆ ಒಳಗಾದವಳ ಮೇಲಲ್ಲ.

ಆದುದರಿಂದ ಜನಜಾಗೃತಿಯ ಆಂದೋಲನ ಬೇಕು. ಎಂಥದು? ‘ಹುಡುಗಿಯರೇ ಎಚ್ಚರ’ ಎಂದು ಬಸ್ ನಿಲ್ದಾಣದ ಗೋಡೆಗೆ ಕಾಗದ ಅಂಟಿಸಿ, ಮಂತ್ರಿಗಳಿಗೆ ಹಾರ ಹಾಕಿ ಮುಗಿಸುವಂಥದಲ್ಲ. ಎಚ್ಚರವಿಲ್ಲದವಳು ಹುಡುಗಿ ಎಂದು ಅದು ಬೈಯುತ್ತದೆಯೇ ಹೊರತು ದಲ್ಲಾಳಿಯನ್ನು ಮುಟ್ಟುವುದಿಲ್ಲ.

ದೇವದಾಸಿ ಬಿಡುವುದನ್ನು ನಿಷೇಧಿಸಿ 1982ರಲ್ಲಿಯೇ ನಮ್ಮ ರಾಜ್ಯ ಕಾನೂನು ಮಾಡಿತು. ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ಅದನ್ನು ಮನೆಮನೆಗೆ ಒಯ್ದವರಲ್ಲಿ ಹಿಂದೆ ಮುತ್ತು ಕಟ್ಟಿಸಿಕೊಂಡಿದ್ದ ತಾಯಂದಿರೂ ಇದ್ದರು. ಅವರು ಘಟಪ್ರಭಾದಲ್ಲಿ ತಮ್ಮದೇ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿ ದುಡಿದರು. ಇನ್ನೊಂದು ಉದಾಹರಣೆ ಬೆಂಗಳೂರಿನದೇ. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹಣ ತೆಗೆಯುವುದಕ್ಕೆ ಕೇಂದ್ರ ಸರ್ಕಾರ ಅಡ್ಡಿ ತಂದಾಗ, ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬಾಯಿಂದ ಬಾಯಿಗೆ ಸುದ್ದಿ ಮುಟ್ಟಿಸಿ ಬೀದಿಗಿಳಿದರು. ಎರಡೇ ದಿನದಲ್ಲಿ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ದುಡಿಯುವವರೇ ಹೊತ್ತ ಮಾತು ಎಷ್ಟು ಬೇಗ ಹರಡುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ನಮ್ಮ ಸೂಚನೆ ಇಷ್ಟು. ಮಿಲ್ಲಿನ ಕಾರ್ಮಿಕ ಬಂಧುಗಳು ಸಂಬಳದ ದಿನ ಗೇಟಿನ ಮುಂದೆ ಈ ಮಾತು ಎತ್ತಬೇಕು. ಕೆಲಸ ಕೊಡಿಸುತ್ತೇನೆಂದು ಬಂದವನ ಹೆಸರು, ವಿಳಾಸ, ಕಾರ್ಖಾನೆಯ ಹೆಸರುಗಳನ್ನು ಕೇಳಿ ಬರೆದುಕೊಂಡು, ವಿಚಾರಿಸಿ ನೋಡಿದ ಮೇಲೆಯೇ ಮಗಳನ್ನು ಕಳಿಸಬೇಕು. ಅಂಗಡಿಕಾರರು 112, ಮಹಿಳೆಯರ 181, ಮಕ್ಕಳ 1098 ಎಂಬ ಫೋನ್ ಸಂಖ್ಯೆಗಳನ್ನು ತಕ್ಕಡಿಯ ಮೇಲ್ಗಡೆ, ಗಿರಾಕಿಗೆ ಕಾಣುವಂತೆ ತೂಗುಹಾಕಬೇಕು. ಮನೆ ಬಾಡಿಗೆಗೆ ಕೊಡುವವರು ತಿಳಿದಿರಲಿ: ಗೊತ್ತಿದ್ದೂ ಈ ದಂಧೆಗೆ ಮನೆ ಕೊಟ್ಟರೆ, ಮೊದಲ ಸಲವೇ ಎರಡು ವರ್ಷದವರೆಗೆ ಸಜೆಯಾಗಬಹುದು.

ಕೊನೆಯದಾಗಿ ಒಂದು ಕಹಿ ಮಾತು. ಕೊಳ್ಳುವವನಿಲ್ಲದೆ ಯಾವ ಸರಕೂ ಮಾರಾಟವಾಗದು. ವ್ಯಾಪಾರ ಬಲ್ಲ ನಮ್ಮ ವಾಚಕರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆ ಕೊಳ್ಳುವವನು ಬಂಗಲೆಯ ಧನಿಕನೊಬ್ಬನೇ ಅಲ್ಲ, ನಮ್ಮ ಸಾಲಿನಲ್ಲಿಯೂ ಇದ್ದಾನೆ. ಸಾಗಿಸಿ ತಂದವಳೆಂದು ತಿಳಿದೂ ಅವಳನ್ನು ಬಳಸಿದವನಿಗೆ 144ನೆಯ ಕಲಮಿನಂತೆ ಮೂರರಿಂದ ಏಳು ವರ್ಷ ಸಜೆಯಿದೆ. ಸಂಘದ ಸಭೆಯಲ್ಲಿ ಕೂಲಿಯ ಪ್ರಶ್ನೆ ಎತ್ತುವಷ್ಟೇ ಧೈರ್ಯದಿಂದ ಈ ಪ್ರಶ್ನೆಯನ್ನೂ ಎತ್ತಬೇಕು. ಎರಡೂ ಬೇರೆಯಲ್ಲ. ಹೊಟ್ಟೆ ತುಂಬುವ ಸಂಬಳ ಕೈಗೆ ಬಂದರೆ ದಲ್ಲಾಳಿಯ ಮುಂಗಡಕ್ಕೆ ಬೆಲೆಯಿರದು; ಗಿರಾಕಿ ನಾಚಿ ಹಿಂದೆ ಸರಿದರೆ ಅವನ ಅಂಗಡಿಯೇ ಮುಚ್ಚುವುದು. ಮೊದಲನೆಯದನ್ನು ಮಾಲೀಕನಿಂದ, ಸರ್ಕಾರದಿಂದ ಹೋರಾಡಿ ಪಡೆಯಬೇಕು. ಎರಡನೆಯದಕ್ಕೆ ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ.