ಮುಚ್ಚಳ ಮುಚ್ಚಿದ ಮೇಲೆ

ಹೋದ ಭಾನುವಾರ ನಮ್ಮೂರ ಜಾತ್ರೆಯ ನೆನಪುಗಳನ್ನು ಮೊಮ್ಮಗಳಿಗಾಗಿ ಬರೆಯುತ್ತ ಕುಳಿತಿದ್ದೆ. ಊಟಕ್ಕೆ ಕರೆ ಬಂತು. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಎದ್ದೆ. ಸೇವ್ ಮಾಡಿರಲಿಲ್ಲ. ಮರುದಿನ ಸಂಜೆ ತೆರೆದರೆ ಹಳೆಯ ಬ್ಯಾಟರಿ ಪೂರ್ತಿ ಬರಿದು, ಮೂರು ಪುಟ ಮಾಯ!

“ಅದು ಮಲಗಿತ್ತು ಅಷ್ಟೇ ಅಲ್ವಾ ತಾತ? ಮಲಗಿದವರು ಎಲ್ಲ ಮರೆತುಬಿಡ್ತಾರಾ?” ಎಂದಳು ಮೊಮ್ಮಗಳು.

ಒಳ್ಳೆಯ ಪ್ರಶ್ನೆ. ಅಜ್ಜಿಯ ಅಡುಗೆಮನೆಯನ್ನು ನೆನಪಿಸಿಕೊಳ್ಳಿ ಮಕ್ಕಳೇ. ಕೈಗೆ ಸಿಗುವಂತೆ ಸಾಮಾನು ಹರಡಿಕೊಳ್ಳುವ ಕಟ್ಟೆ ಒಂದು, ಮೂಟೆಗಳನ್ನು ಇಡುವ ಅಟ್ಟ ಇನ್ನೊಂದು. ಕಂಪ್ಯೂಟರಿಗೆ ರ್‍ಯಾಮ್ ಎಂದರೆ ಕಟ್ಟೆ, ಡಿಸ್ಕ್ ಎಂದರೆ ಅಟ್ಟ. ಕಟ್ಟೆಗೆ ಒಂದು ದೋಷವಿದೆ. ರ್‍ಯಾಮಿನ ಒಳಗೆ ವಿದ್ಯುತ್ತನ್ನು ಹಿಡಿದಿಡುವ ಕೋಟಿಗಟ್ಟಲೆ ಪುಟಾಣಿ ಬಿಂದಿಗೆಗಳಿವೆ, ಎಲ್ಲವೂ ಸೋರುತ್ತವೆ. ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಸುಮಾರು ಹದಿನೈದು ಸಲ, ಅವನ್ನು ಮತ್ತೆ ತುಂಬಬೇಕು. ಕಂಪ್ಯೂಟರ್ ಮಲಗಿದಾಗಲೂ ಈ ಕೆಲಸ ನಿಲ್ಲುವಂತಿಲ್ಲ. ಬ್ಯಾಟರಿ ಮುಗಿಯಿತೋ, ಬಿಂದಿಗೆಗಳು ಬರಿದು. ನನ್ನ ಜಾತ್ರೆ ಹೋದದ್ದು ಹಾಗೆ.

ಇದಕ್ಕೆ ‘ಹೈಬರ್ನೇಟ್’ ಎಂಬ ಗಾಢನಿದ್ದೆಯ ಉಪಾಯವಿದೆ. ಕಟ್ಟೆಯ ಮೇಲಿದ್ದುದನ್ನು ಅಟ್ಟಕ್ಕೆ ಸಾಗಿಸಿ ವಿದ್ಯುತ್ತನ್ನೇ ಆರಿಸುವುದು. ಏನೂ ಕಳೆಯುವುದಿಲ್ಲ, ಆದರೆ ಏಳುವಾಗ ಎಲ್ಲವನ್ನೂ ಇಳಿಸಬೇಕು. ಲೆಕ್ಕ ಹಾಕಿ: ಕಟ್ಟೆಯ ಮೇಲೆ 8 ಜಿಬಿ ಇದೆ, ಹಳೆಯ ಕಾಲದ ಸುತ್ತುವ ಡಿಸ್ಕು ಸೆಕೆಂಡಿಗೆ 100 ಎಂಬಿ ಓದುತ್ತದೆ ಎನ್ನೋಣ. 80 ಸೆಕೆಂಡು ಬೇಕು. ಅಷ್ಟರಲ್ಲಿ ನಾನು ಎರಡು ಸಲ ಬೇಡದ ಗುಂಡಿ ಒತ್ತಿರುತ್ತೇನೆ.

ಹಾಗಾದರೆ ಎಲ್ಲವನ್ನೂ ಏಕೆ ಹೊರಬೇಕು? ಕಟ್ಟೆಯ ಮೇಲಿರುವುದರಲ್ಲಿ ಬಹಳಷ್ಟು ಡಿಸ್ಕಿನಿಂದಲೇ ತಂದ ಪ್ರತಿಗಳು. ಅಟ್ಟದಲ್ಲಿ ಬೇಳೆಯ ಮೂಟೆಯೇ ಇರುವಾಗ ಕೆಳಗಿನ ಹಿಡಿ ಬೇಳೆಯನ್ನು ಗಂಟು ಕಟ್ಟಬೇಕಿಲ್ಲ. ಲಿನಕ್ಸ್ ಸಾಮಾನ್ಯವಾಗಿ ತನ್ನ ಗಂಟು ರ್‍ಯಾಮಿನ ಐದರಲ್ಲಿ ಎರಡು ಪಾಲನ್ನು ಮೀರದಂತೆ ನೋಡಿಕೊಳ್ಳುತ್ತದೆ. 8 ಜಿಬಿಗೆ 3.2 ಜಿಬಿ, 80 ಸೆಕೆಂಡು 32ಕ್ಕೆ ಇಳಿಯಿತು. ಹಾಸಿಗೆ ಸುತ್ತಿದಂತೆ ಗಂಟನ್ನು ಒತ್ತಿ ಕುಗ್ಗಿಸಿದರೆ ಇನ್ನೂ ಬೇಗ. 2012ರಲ್ಲಿ ಬಂದ ವಿಂಡೋಸ್ 8 ಇನ್ನಷ್ಟು ಜಿಪುಣ: ಆರಿಸುವಾಗ ನಿಮ್ಮ ಪ್ರೋಗ್ರಾಂಗಳನ್ನೆಲ್ಲ ಮುಚ್ಚಿ, ತನ್ನ ತಿರುಳನ್ನು ಮಾತ್ರ ಉಳಿಸಿಕೊಂಡಿತು.

ಆದರೆ ಇಲ್ಲೊಂದು ಮೋಸವಿದೆ. ಪರದೆ ಬೇಗ ಬೆಳಗುತ್ತದೆ, ಕೆಲಸ ಮಾತ್ರ ಸಾಗುವುದಿಲ್ಲ. ಬಿಟ್ಟುಬಂದ ಹಿಡಿ ಬೇಳೆಗೆ ಈಗ ಮತ್ತೆ ಮತ್ತೆ ಅಟ್ಟ ಹತ್ತಬೇಕು. ಮೂಟೆಯನ್ನು ಒಟ್ಟಿಗೆ ಇಳಿಸುವುದು ಸುಲಭ. ಚದುರಿದ ಚೂರುಗಳನ್ನು ಹುಡುಕಿ ತರಲು ಸುತ್ತುವ ಡಿಸ್ಕಿಗೆ ಪ್ರತಿ ಸಲ ಸುಮಾರು 10 ಮಿಲಿಸೆಕೆಂಡು ಬೇಕು. ಸೆಕೆಂಡಿಗೆ ನೂರೇ ಚೂರು. ಒಂದೊಂದೂ 4 ಕೆಬಿಯಾದರೆ ಅರ್ಧ ಎಂಬಿಯೂ ಆಗಲಿಲ್ಲ! ಗಂಟು ಚಿಕ್ಕದು ಮಾಡುವ ಆತುರದಲ್ಲಿ ಬೇಕಾದದ್ದನ್ನೂ ಬಿಟ್ಟರೆ ಹೀಗೆಯೇ.

ಆಸ್ಟ್ರೇಲಿಯಾದ ಕಾನ್ ಕೊಲಿವಾಸ್ ಇಂಥದೇ ತೊಡಕಿಗೆ ಉಪಾಯ ಹುಡುಕಿದ್ದರು. ವೃತ್ತಿಯಲ್ಲಿ ಅವರು ಅರಿವಳಿಕೆ ವೈದ್ಯರು, ರೋಗಿಗಳನ್ನು ಮಲಗಿಸಿ ಎಬ್ಬಿಸುವವರು! ಜಾಗ ಸಾಲದೆ ಲಿನಕ್ಸ್ ಅಟ್ಟಕ್ಕೆ ತಳ್ಳಿದ ಪ್ರೋಗ್ರಾಂಗಳ ತುಣುಕುಗಳನ್ನು, ಯಾರೂ ಕೇಳುವ ಮೊದಲೇ, ಕಂಪ್ಯೂಟರ್ ಬಿಡುವಾಗಿದ್ದಾಗ ಸದ್ದಿಲ್ಲದೆ ಇಳಿಸಿಡುವುದು ಅವರ ಯೋಜನೆ. ಅಜ್ಜಿ ರಾತ್ರಿಯೇ ಫಿಲ್ಟರಿಗೆ ಕಾಫಿಪುಡಿ ಹಾಕಿ ನೀರು ಹೊಯ್ದಿಡುವುದಿಲ್ಲವೇ, ಹಾಗೆ. ಡಿಸ್ಕಿನಲ್ಲೂ ಒಂದು ಪ್ರತಿ ಉಳಿಯುತ್ತಿದ್ದುದರಿಂದ ಜಾಗ ಬೇಕಾದರೆ ಕೆಳಗಿನದನ್ನು ತಕ್ಷಣ ಬಿಸಾಡಬಹುದಿತ್ತು. ಲಿನಕ್ಸಿನ ಮುಖ್ಯ ಆವೃತ್ತಿಗೆ ಅದು ಸೇರಲೇ ಇಲ್ಲ. ಬೇಸತ್ತ ಕೊಲಿವಾಸ್ 2007ರಲ್ಲಿ ಆ ಕೆಲಸ ಬಿಟ್ಟರು. 2009ರಲ್ಲಿ ಬೇರೊಂದು ಯೋಜನೆ ಹಿಡಿದು ಮರಳಿದರು. ನನಗಂತೂ ಆ ಕಾಫಿ ಉಪಾಯ ಇಷ್ಟವಾಯಿತು.

ಈಗಿನ ಎಸ್‌ಎಸ್‌ಡಿಗಳಲ್ಲಿ ಸುತ್ತುವ ತಟ್ಟೆಯಿಲ್ಲ, ಹಾಗಾಗಿ ಚೂರು ಹುಡುಕುವ ಕಷ್ಟ ಬಹಳ ಕಡಿಮೆ. ಆದರೂ ಮನೆಯಲ್ಲಿ ಹೈಬರ್ನೇಟ್ ಸೌಲಭ್ಯವಿದ್ದರೆ, ದೊಡ್ಡವರನ್ನು ಕೇಳಿಕೊಂಡು, ಒಮ್ಮೆ ಎರಡೇ ಕಿಟಕಿ ತೆರೆದು, ಒಮ್ಮೆ ಇಪ್ಪತ್ತು ತೆರೆದು ಮಲಗಿಸಿ. ಏಳುವ ಹೊತ್ತನ್ನು ಗಡಿಯಾರದಲ್ಲಿ ಎಣಿಸಿ. ಎದ್ದ ಮೇಲೆ ಮೊದಲ ಕ್ಲಿಕ್ಕಿಗೆ ಓಗೊಡುವವರೆಗೂ ಎಣಿಸಬೇಕು, ಪರದೆ ಬೆಳಗಿದ ಕೂಡಲೇ ನಿಲ್ಲಿಸಬಾರದು. ಅದಕ್ಕೂ ಮೊದಲು, ತೆರೆದದ್ದನ್ನೆಲ್ಲ ಸೇವ್ ಮಾಡಿರಿ.

ನಾನು ಜಾತ್ರೆಯನ್ನು ಮತ್ತೆ ಬರೆಯುತ್ತಿದ್ದೇನೆ. ಪ್ರತಿ ಪ್ಯಾರಾ ಮುಗಿದಾಗಲೂ ಪಕ್ಕದಿಂದ ಪುಟ್ಟ ಕೈಯೊಂದು ಬಂದು ಸೇವ್ ಒತ್ತಿ ಹೋಗುತ್ತದೆ.